ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಜಪಾನಿ ಕಾತ್ಸು ಕರ್ರಿ: ಬುಡದಿಂದ ಮಾಡುವ ಬಗೆ

ಕಾತ್ಸು ಕರ್ರಿಯ ತಟ್ಟೆಯಲ್ಲಿ ಇರುವುದು ಮೂರೇ ವಸ್ತು. ಒಂದು ಕಡೆ ಬಿಸಿ ಅನ್ನ. ಅದಕ್ಕೆ ಒರಗಿದಂತೆ ಬ್ರೆಡ್ ಪುಡಿ ಹೊದಿಸಿ ಕರಿದು, ಪಟ್ಟಿ ಪಟ್ಟಿಯಾಗಿ ಕತ್ತರಿಸಿದ ಕಟ್ಲೆಟ್. ಇನ್ನೊಂದು ಕಡೆ ಕಂದು ಬಣ್ಣದ, ಗಟ್ಟಿಯಾದ, ತುಸು ಸಿಹಿ ಇರುವ ಕರ್ರಿ. ಜಪಾನಿನಲ್ಲಿ ಕಾತ್ಸು, ಅಂದರೆ ಕಟ್ಲೆಟ್, ಹೆಚ್ಚಾಗಿ ಹಂದಿ ಮಾಂಸದ್ದು. ಆದರೆ ಈ ಊಟದ ಜೀವ ಮಾಂಸದಲ್ಲಿಲ್ಲ, ಗರಿಗರಿ ಹೊದಿಕೆ ಮತ್ತು ಮೆತ್ತನೆಯ ಕರ್ರಿ ಒಂದೇ ತುತ್ತಿನಲ್ಲಿ ಸೇರುವುದರಲ್ಲಿದೆ. ಅವೆರಡನ್ನು ಸರಿಯಾಗಿ ಮಾಡಿದರೆ ಒಳಗೆ ತೋಫು (ಸೋಯಾ ಪನೀರ್) ಇದ್ದರೂ ಕುಂಬಳಕಾಯಿ ಇದ್ದರೂ ಅದು ಕಾತ್ಸು ಕರ್ರಿಯೇ.

ಕನ್ನಡದ ಅಡುಗೆಮನೆಯಿಂದ ಬಂದವರಿಗೆ ಇಲ್ಲಿ ಕಷ್ಟವಾಗುವುದು ಕೈ ಕಟ್ಟಿಕೊಂಡು ಇರುವುದು. ಸಾಸಿವೆ ಒಗ್ಗರಣೆ ಬೇಡ, ಕರಿಬೇವು ಬೇಡ, ಹುಣಸೆಹುಳಿ ಬೇಡ, ತೆಂಗಿನಕಾಯಿ ಬೇಡ. ಮಸಾಲೆ ಕಡಿಮೆ, ಖಾರ ಇನ್ನೂ ಕಡಿಮೆ. ಇವನ್ನೆಲ್ಲ ಹಾಕಿದರೆ ರುಚಿಯಾದ ಗೊಜ್ಜು ಸಿಗಬಹುದು, ಜಪಾನಿ ಕರ್ರಿ ಸಿಗುವುದಿಲ್ಲ.

ಈ ಕರ್ರಿ ಜಪಾನಿಗೆ ನೇರವಾಗಿ ಭಾರತದಿಂದ ಹೋದದ್ದಲ್ಲ. 1868ರಲ್ಲಿ ಶುರುವಾದ ಮೇಜಿ ಕಾಲದಲ್ಲಿ ಬ್ರಿಟಿಷರ ಮೂಲಕ ಹೋಯಿತು. ಹಾಗಾಗಿಯೇ ಅದರ ತಳಪಾಯ ಹುರಿದ ಮೈದಾ. ಕಟ್ಲೆಟ್ಟಿನ ಕಥೆ ತೋಕಿಯೋದ ಗಿಂಜಾ ಬಡಾವಣೆಯದು. 1895ರಲ್ಲಿ ಅಲ್ಲಿ ಶುರುವಾದ ರೆಂಗಾತೇ ಎಂಬ ಹೋಟೆಲು ಹಂದಿ ಮಾಂಸದ ಕಟ್ಲೆಟ್ಟಿಗೆ ಹೆಸರಾಯಿತು. ಕಟ್ಲೆಟ್ ಮತ್ತು ಕರ್ರಿ ಒಂದೇ ತಟ್ಟೆಗೆ ಬಂದದ್ದು 1948ರಲ್ಲಿ, ಗಿಂಜಾದ್ದೇ ಇನ್ನೊಂದು ಹೋಟೆಲಾದ ಸ್ವಿಸ್‌ನಲ್ಲಿ, ಬೇಸ್‌ಬಾಲ್ ಆಟಗಾರ ಚಿಬಾ ಶಿಗೆರು ಹಾಗೆ ಬಡಿಸಿ ಎಂದು ಕೇಳಿದಾಗ ಎಂದು ಹೇಳುತ್ತಾರೆ. ಇತ್ತ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್ ತೋಕಿಯೋದ ನಾಕಾಮುರಾಯಾ ಎಂಬ ಬೇಕರಿಯಲ್ಲಿ 1927ರಲ್ಲೇ ಭಾರತದ ಶೈಲಿಯ ಕರ್ರಿ ಶುರು ಮಾಡಿಸಿದ್ದರು. ಅಲ್ಲಿನವರೇ ಆ ಎರಡನ್ನೂ ಬೇರೆ ಬೇರೆ ಊಟವಾಗಿ ಇಟ್ಟುಕೊಂಡಿದ್ದಾರೆ. ನಾವೂ ಹಾಗೆಯೇ ಇಟ್ಟುಕೊಳ್ಳೋಣ.

ಎಲ್ಲೆಲ್ಲಿ ಎಚ್ಚರ ಬೇಕು

ಮಾಂಸ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ಬಾರಿನಂಥ ಕರ್ರಿ ಗಟ್ಟಿಗಳಲ್ಲಿ ಬಹಳಷ್ಟರಲ್ಲಿ ದನದ ಅಥವಾ ಹಂದಿಯ ಕೊಬ್ಬು, ಹಾಲಿನ ಪುಡಿ, ಮಾಂಸದ ಸಾರ, ಕೆಲವದರಲ್ಲಿ ಜೇನುತುಪ್ಪವೂ ಇರುತ್ತದೆ. ಡಬ್ಬದ ಮೇಲೆ ತರಕಾರಿ ಚಿತ್ರ ಇದ್ದರೂ ನಂಬಬೇಡಿ. ಜಪಾನಿನಲ್ಲಿರುವ ಕನ್ನಡಿಗರು ಲೇಬಲ್ ಓದಿಸಿ ಎರಡು ಪದ ಕೇಳಿಸಿಕೊಂಡರೆ ಸಾಕು: ಗ್ಯೂಶಿ ಅಂದರೆ ದನದ ಕೊಬ್ಬು, ತೊನ್‌ಶಿ ಅಂದರೆ ಹಂದಿ ಕೊಬ್ಬು. ಬರೀ ಮಸಾಲೆ ಪುಡಿ ಆಗಿರುವ ಎಸ್ ಅಂಡ್ ಬಿ ಕಂಪನಿಯ ಕೆಂಪು ಡಬ್ಬದ ಕರ್ರಿ ಪೌಡರ್ ಬೇರೆ, ಗಟ್ಟಿಗಳು ಬೇರೆ. ನಮಗೆ ಬೇಕಾದದ್ದು ಪುಡಿ.

ಹೊದಿಕೆಯಲ್ಲಿ ಮೊಟ್ಟೆ ಇರುತ್ತದೆ, ಅದಕ್ಕೆ ಬದಲಿ ಮುಂದೆ ಹೇಳುತ್ತೇನೆ. ಬ್ರೆಡ್ಡಿನಲ್ಲಿ ಹಾಲಿನ ಪುಡಿ ಇರಬಹುದು. ಇಂಗ್ಲಿಷ್ ಮಾದರಿಯ ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ. ಜಪಾನಿ ಅಡುಗೆಯ ದಾಶಿ, ಅಂದರೆ ತಿಳಿಸಾರಿನ, ಪುಡಿಗಳಲ್ಲೂ ಒಣಮೀನು ಸಾಮಾನ್ಯ.

ಹಿಂದಿನ ರಾತ್ರಿ

ಕೆಳಗಿನ ಅಳತೆ ನಾಲ್ಕು ಜನರಿಗೆ. ದೊಡ್ಡ ಚಮಚ ಅಂದರೆ 15 ಮಿಲಿ, ಸಣ್ಣ ಚಮಚ ಅಂದರೆ 5 ಮಿಲಿ.

ಗಟ್ಟಿ ತೋಫು 400 ಗ್ರಾಂ ತಂದು ಪ್ಯಾಕೆಟ್ ಸಮೇತ ಫ್ರೀಜರಿಗೆ ಹಾಕಿ. ರಾತ್ರಿಯಿಡೀ ಗಟ್ಟಿಯಾಗಲಿ. ಒಳಗಿನ ನೀರು ಮಂಜಾಗುವಾಗ ತೋಫುವಿನಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ. ಕರಗಿಸಿ ಹಿಂಡಿದಾಗ ಅದು ಸ್ಪಂಜಿನ ಹಾಗೆ ಆಗಿರುತ್ತದೆ, ಕಚ್ಚಿದರೆ ಎಳೆ ಸಿಗುತ್ತದೆ, ಉಪ್ಪು-ರಸ ಒಳಗೆ ಹೋಗುತ್ತದೆ. ಜಪಾನಿನ ಕೋಯಾ ಬೆಟ್ಟದ ಹೆಸರಿನ ಕೋಯಾ ತೋಫು ಇದೇ ಗುಣದ ಮೇಲೆ ನಿಂತಿದೆ, ಅದನ್ನು ಹೆಪ್ಪುಗಟ್ಟಿಸಿ ಒಣಗಿಸಿ ಇಡುತ್ತಾರೆ. ಫ್ರೀಜರಿನಲ್ಲಿ ತೋಫು ಹಳದಿಗೆ ತಿರುಗಿದರೆ ಗಾಬರಿ ಬೇಡ. ಕರಗಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ.

ಇನ್ನೊಂದು ಪಾತ್ರೆಯಲ್ಲಿ 1 ಲೀಟರ್ ನೀರು ತೆಗೆದುಕೊಳ್ಳಿ. ಅದಕ್ಕೆ 4 ಒಣ ಶಿಟಾಕೆ ಅಣಬೆ ಮತ್ತು ಅಂಗೈಯಷ್ಟು ಕೊಂಬು, ಅಂದರೆ ಒಣಗಿಸಿದ ಸಮುದ್ರ ಪಾಚಿ, ಸುಮಾರು 10 ಗ್ರಾಂ ಹಾಕಿ ಫ್ರಿಜ್‌ನಲ್ಲಿಡಿ. ಮಾಂಸದ ಸಾರು ಕೊಡುವ ಗಾಢ ರುಚಿಯನ್ನು ಇಲ್ಲಿ ಈ ಎರಡು ಕೊಡುತ್ತವೆ. ಎರಡೂ ಒಟ್ಟಿಗೆ ಇದ್ದಾಗ ರುಚಿ ಒಂದಕ್ಕೊಂದು ಸೇರಿ ಜಾಸ್ತಿಯಾಗುತ್ತದೆ. ಕೊಂಬು ಸಿಗದಿದ್ದರೆ ಅಣಬೆ ಮಾತ್ರ ಸಾಕು. ಒಣ ಅಣಬೆಯೂ ಸಿಗದಿದ್ದರೆ 150 ಗ್ರಾಂ ಬಟನ್ ಅಣಬೆಯನ್ನು ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ಈರುಳ್ಳಿಯ ಜೊತೆ ಸೇರಿಸಿ.

ಮಸಾಲೆ ಪುಡಿ

ಕೆಂಪು ಡಬ್ಬ ಸಿಕ್ಕರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು, ಎಲ್ಲವೂ ನಮ್ಮ ಡಬ್ಬಗಳಲ್ಲೇ ಇರುವಂಥವು. ಧನಿಯಾ 4 ಸಣ್ಣ ಚಮಚ, ಜೀರಿಗೆ 2, ಸೋಂಪು 1, ಕಾಳುಮೆಣಸು 1, ಮೆಂತ್ಯ ಅರ್ಧ ಸಣ್ಣ ಚಮಚ, ಏಲಕ್ಕಿ 4, ಲವಂಗ 4, ಎರಡು ಸೆಂಟಿಮೀಟರ್ ಚಕ್ಕೆ, ಅರ್ಧ ಚಕ್ರಮೊಗ್ಗು. ಇವನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ. ಸಾರಿನ ಪುಡಿಗೆ ಹುರಿದ ಹಾಗೆ ಕೆಂಪಗೆ ಹುರಿಯಬೇಡಿ. ಆರಿದ ಮೇಲೆ 3 ಸಣ್ಣ ಚಮಚ ಅರಿಸಿನ, ಅರ್ಧ ಚಮಚ ಒಣಶುಂಠಿ, ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಮತ್ತು 1 ಚಮಚ ಒಣಗಿದ ಕಿತ್ತಳೆ ಸಿಪ್ಪೆ ಸೇರಿಸಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬ್ಯಾಡಗಿ ಇಲ್ಲಿ ಚೆನ್ನಾಗಿ ಹೊಂದುತ್ತದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಕಿತ್ತಳೆ ಸಿಪ್ಪೆಯನ್ನು ದಯವಿಟ್ಟು ಬಿಡಬೇಡಿ ಎನ್ನುತ್ತೇನೆ. ಜಪಾನಿ ಕರ್ರಿ ಪುಡಿಯ ಪರಿಮಳ ಬೇರೆ ಅನಿಸುವುದಕ್ಕೆ ಅದೂ ಒಂದು ಕಾರಣ. ಸಾಂಬಾರ್ ಪುಡಿ ಹಾಕಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದರಲ್ಲಿರುವ ಇಂಗು, ಕರಿಬೇವು, ಬೇಳೆ ಕರ್ರಿಯನ್ನು ಬೇರೆಯೇ ದಾರಿಗೆ ಎಳೆಯುತ್ತವೆ.

ಕರ್ರಿಯ ತಳ: ಈರುಳ್ಳಿ

400 ಗ್ರಾಂ ಈರುಳ್ಳಿಯನ್ನು ತೆಳ್ಳಗೆ ಸೀಳಿ. ದಪ್ಪ ತಳದ ಪಾತ್ರೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಕಾಯಿಸಿ, ಈರುಳ್ಳಿ ಮತ್ತು ಚಿಟಿಕೆ ಉಪ್ಪು ಹಾಕಿ. ಮೊದಲ 10 ನಿಮಿಷ ಮಧ್ಯಮ ಉರಿ, ಆಮೇಲೆ 25ರಿಂದ 30 ನಿಮಿಷ ಸಣ್ಣ ಉರಿ. ತಳ ಹಿಡಿಯುತ್ತಿದೆ ಅನಿಸಿದಾಗ ಒಂದು ಚಮಚ ನೀರು ಚಿಮುಕಿಸಿ, ಸೌಟಿನಿಂದ ಕೆರೆದು ಆ ಕಂದು ಪೊರೆಯನ್ನು ಈರುಳ್ಳಿಗೇ ಸೇರಿಸಿ. ಹೀಗೆ ನಾಲ್ಕೈದು ಸಲ ಮಾಡಿದರೆ ಈರುಳ್ಳಿ ಕರಗಿ, ಕಾಲು ಭಾಗಕ್ಕೆ ಇಳಿದು, ಕಡು ಬೆಲ್ಲದ ಬಣ್ಣಕ್ಕೆ ಬರುತ್ತದೆ. ಇಡೀ ಅಡುಗೆಯಲ್ಲಿ ಇಲ್ಲಿ ಮಾತ್ರ ಅವಸರ ಮಾಡಬೇಡಿ. ಕರ್ರಿಯ ಬಣ್ಣ ಮತ್ತು ಸಿಹಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಬರುವುದು. ಕಾಲು ಚಮಚ ಸೋಡಾ ಹಾಕಿದರೆ ಬೇಗ ಕೆಂಪಾಗುತ್ತದೆ ನಿಜ, ಆದರೆ ಸೋಪಿನ ವಾಸನೆ ಉಳಿಯುತ್ತದೆ.

ಈಗ ಜಜ್ಜಿದ 4 ಎಸಳು ಬೆಳ್ಳುಳ್ಳಿ, ತುರಿದ ಒಂದು ಇಂಚು ಶುಂಠಿ ಹಾಕಿ ಒಂದು ನಿಮಿಷ ಬಾಡಿಸಿ. ಒಂದು ಟೊಮೇಟೊ ತುರಿದು ಸೇರಿಸಿ, ನೀರು ಆರುವವರೆಗೆ ಕೈಯಾಡಿಸಿ. ಸಣ್ಣಗೆ ಹೆಚ್ಚಿದ 150 ಗ್ರಾಂ ಕ್ಯಾರೆಟ್, ತುರಿದ ಅರ್ಧ ಸೇಬು, ನೆನೆದ ಶಿಟಾಕೆಯ ಟೋಪಿಗಳನ್ನು ಹೆಚ್ಚಿ ಹಾಕಿ. ನೆನೆಸಿದ ನೀರಿನಿಂದ ಕೊಂಬು ಎತ್ತಿ ಬದಿಗಿಡಿ. ಅದನ್ನು ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಆ ನೀರಿನಲ್ಲಿ 900 ಮಿಲಿ ಅಳೆದು ಪಾತ್ರೆಗೆ ಸುರಿಯಿರಿ, ಉಳಿದದ್ದು ತೋಫುವಿಗೆ ಬೇಕು. ಕ್ಯಾರೆಟ್ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯಲಿ, ಸುಮಾರು 20 ನಿಮಿಷ. ಸ್ವಲ್ಪ ಆರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಬಿಸಿಬಿಸಿಯಾಗಿ ಮುಚ್ಚಳ ಬಿಗಿದು ರುಬ್ಬಿದರೆ ಹಾರಿ ಮೈಮೇಲೆ ಬೀಳುತ್ತದೆ, ಹುಷಾರು.

ಮನೆಗಳಲ್ಲಿ ಮಾಡುವ ಜಪಾನಿ ಕರ್ರಿಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಹೋಳು ಹಾಗೇ ಇರುತ್ತವೆ. ಕಟ್ಲೆಟ್ ಜೊತೆಗೆ ನನಗೆ ಇಷ್ಟ ಹೋಳಿಲ್ಲದ ನುಣುಪು ಕರ್ರಿ. ಕಟ್ಲೆಟ್ಟೇ ಹೋಳು ಇದ್ದ ಹಾಗೆ, ಅದಕ್ಕೆ ಇನ್ನೊಂದು ಹೋಳು ಪೈಪೋಟಿ ಕೊಡಬಾರದು.

ಹಿಟ್ಟು ಹುರಿಯುವುದು

ಬಾಣಲೆಯಲ್ಲಿ 4 ದೊಡ್ಡ ಚಮಚ ಎಣ್ಣೆ, ಅದಕ್ಕೆ 50 ಗ್ರಾಂ ಮೈದಾ, ಅಂದರೆ ಸುಮಾರು 6 ದೊಡ್ಡ ಚಮಚ. ವಾಸನೆ ಇಲ್ಲದ ಎಣ್ಣೆ ಬಳಸಿ. ಸೂರ್ಯಕಾಂತಿ ಸಾಕು. ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಾ 12ರಿಂದ 15 ನಿಮಿಷ ಹುರಿಯಿರಿ. ಮೊದಲು ನೊರೆ ಬರುತ್ತದೆ, ಹಸಿ ವಾಸನೆ ಹೋಗುತ್ತದೆ, ಆಮೇಲೆ ಬಿಸ್ಕತ್ತಿನ ಪರಿಮಳ ಏಳುತ್ತದೆ. ತಿಳಿ ಕಂದು ಬಣ್ಣ ಬಂದಾಗ ನಿಲ್ಲಿಸಿ. ಇನ್ನೂ ಕಪ್ಪಗೆ ಮಾಡಿದರೆ ರುಚಿ ಗಾಢವಾಗುತ್ತದೆ, ಆದರೆ ಹಿಟ್ಟಿಗೆ ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗುತ್ತದೆ.

ಒಲೆ ಆರಿಸಿದ ಮೇಲೆ 2 ದೊಡ್ಡ ಚಮಚ ಕರ್ರಿ ಪುಡಿ ಹಾಕಿ ಕಲಸಿ. ಬಾಣಲೆಯ ಬಿಸಿಯೇ ಅದಕ್ಕೆ ಸಾಕು. ಉರಿಯ ಮೇಲೆ ಹಾಕಿದರೆ ಅರಿಸಿನ, ಮೆಂತ್ಯ ಎರಡೂ ಸೀದು ಕಹಿಯಾಗುತ್ತವೆ.

ರುಬ್ಬಿದ್ದನ್ನು ಒಂದು ಸೌಟು ಈ ಹಿಟ್ಟಿಗೆ ಹಾಕಿ ಚೆನ್ನಾಗಿ ತಿಕ್ಕಿ ಕಲಸಿ. ಮುದ್ದೆಯಾಗುತ್ತದೆ. ಇನ್ನೊಂದು ಸೌಟು, ಮತ್ತೊಂದು ಸೌಟು. ಸಡಿಲವಾದ ಮೇಲೆ ಎಲ್ಲವನ್ನೂ ದೊಡ್ಡ ಪಾತ್ರೆಗೆ ಸೇರಿಸಿ. ಹೀಗೆ ಮಾಡಿದರೆ ಗಂಟು ಕಟ್ಟುವುದಿಲ್ಲ. ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಇಡಿ, ಆಗಾಗ ತಳ ಕೆದಕಿ. ಕುದಿ ಬರುವ ಮೊದಲು ತೆಳ್ಳಗಿದೆ ಎಂದು ಇನ್ನಷ್ಟು ಹಿಟ್ಟು ಸೇರಿಸಬೇಡಿ. ಮೈದಾ ಪೂರ್ತಿ ಗಟ್ಟಿಯಾಗುವುದು ಕುದಿಯ ಹತ್ತಿರ ಬಂದಾಗಲೇ.

ರುಚಿ ತಿದ್ದುವುದು ಕೊನೆಗೆ. ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ಟೊಮೇಟೊ ಕೆಚಪ್ 1 ದೊಡ್ಡ ಚಮಚ, ಬೆಲ್ಲ 1 ಸಣ್ಣ ಚಮಚ, ಹಾಲಿಲ್ಲದ ಕಪ್ಪು ಚಾಕೊಲೇಟ್ 10 ಗ್ರಾಂ, ಆಮೇಲೆ ನೋಡಿಕೊಂಡು ಉಪ್ಪು. ಚಾಕೊಲೇಟ್ ನೋಡಿ ಹುಬ್ಬೇರಿಸಬೇಡಿ. ಜಪಾನಿ ಮನೆಗಳಲ್ಲಿ ಚಾಕೊಲೇಟ್, ಕಾಫಿ ಪುಡಿ ಹೀಗೆ ಒಂದು ಚೂರು ಸೇರಿಸುವುದು ಮಾಮೂಲಿ. ಅದರ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ, ಕರ್ರಿಗೆ ಆಳ ಬರುತ್ತದೆ. ಮಿಸೋ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಇದ್ದರೆ ಒಂದು ಸಣ್ಣ ಚಮಚ ಹಾಕಿ, ಆಗ ಉಪ್ಪು ಕಡಿಮೆ ಮಾಡಿ.

ಹದ ನೋಡುವಾಗ ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬೇಡಿ. ಇದು ಶುಚಿಯ ಮಾತು ಮಾತ್ರವಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಗೆ ಕರ್ರಿ ನೀರಾಗಿಬಿಡುತ್ತದೆ. ಜೇನುತುಪ್ಪದಲ್ಲೂ ಇದೇ ಗುಣ ಇದೆ. ಬೆಲ್ಲದಲ್ಲಿ ಆ ಕಾಟ ಇಲ್ಲ.

ಕಟ್ಲೆಟ್

ತೋಫು ಕರಗಿದ ಮೇಲೆ ಎರಡು ಅಂಗೈ ನಡುವೆ ಇಟ್ಟು ನಿಧಾನವಾಗಿ ಒತ್ತಿ ನೀರು ತೆಗೆಯಿರಿ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಉಳಿದ ಅಣಬೆ ನೀರಿಗೆ 2 ದೊಡ್ಡ ಚಮಚ ಸೋಯಾ ಸಾಸ್, ಸ್ವಲ್ಪ ಶುಂಠಿ ರಸ, ಕಾಳುಮೆಣಸಿನ ಪುಡಿ ಹಾಕಿ ಅದರಲ್ಲಿ 20 ನಿಮಿಷ ನೆನೆಸಿ. ಮತ್ತೆ ಹಗುರವಾಗಿ ಒತ್ತಿ, ಬಟ್ಟೆಯಿಂದ ಮೇಲ್ಮೈ ಒರೆಸಿ. ಒದ್ದೆ ಇದ್ದರೆ ಹೊದಿಕೆ ಕಳಚಿಕೊಳ್ಳುತ್ತದೆ.

ಮೊಟ್ಟೆಯ ಕೆಲಸ ಪುಡಿಯನ್ನು ಅಂಟಿಸಿ, ಬಿಸಿಗೆ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಮೈದಾ ಮತ್ತು ನೀರಿನ ಹಿಟ್ಟು ಅದೇ ಕೆಲಸ ಮಾಡುತ್ತದೆ. 60 ಗ್ರಾಂ ಮೈದಾ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಸುಮಾರು 100 ಮಿಲಿ ತಣ್ಣೀರು. ಬೆರಳು ಅದ್ದಿ ಎತ್ತಿದರೆ ಬೆರಳು ಕಾಣದಷ್ಟು ಹಿಡಿದುಕೊಂಡು, ನಿಧಾನವಾಗಿ ಜಾರಬೇಕು.

ಇನ್ನು ಪಾಂಕೋ. ನಮ್ಮ ಅಂಗಡಿಗಳ ಮಾಮೂಲಿ ಬ್ರೆಡ್ ಕ್ರಂಬ್ಸ್ ಮರಳಿನಷ್ಟು ಸಣ್ಣಗಿರುತ್ತದೆ. ಅದರಿಂದ ಆಲೂ ಕಟ್ಲೆಟ್ ಚೆನ್ನ, ಕಾತ್ಸು ಅಲ್ಲ. ಪಾಂಕೋ ಅಂದರೆ ಉದ್ದುದ್ದ ಚಕ್ಕೆ. ಜಪಾನಿನ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಹಿಟ್ಟಿನ ಮೂಲಕ ವಿದ್ಯುತ್ ಹರಿಸಿ ಬ್ರೆಡ್ ಬೇಯಿಸುವ ಪದ್ಧತಿ ಇದೆ, ಹಾಗಾಗಿ ಅದಕ್ಕೆ ಕಂದು ಅಂಚೇ ಇರುವುದಿಲ್ಲ. ಪ್ಯಾಕೆಟ್ ಸಿಗದಿದ್ದರೆ ಹಾಲಿಲ್ಲದ ಬಿಳಿ ಬ್ರೆಡ್ಡಿನ ಅಂಚು ತೆಗೆದು, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಒಣಗಿಸಿ, ದೊಡ್ಡ ತೂತಿನ ತುರಿಮಣೆಯಲ್ಲಿ ತುರಿಯಿರಿ. ಮಿಕ್ಸಿಯಾದರೆ ಒಂದೆರಡು ಸಲ ತಿರುಗಿಸಿ ನಿಲ್ಲಿಸಿ. 100 ಗ್ರಾಂ ಬೇಕು. ರವೆ ಬಳಸುವ ಆಸೆ ಬರುತ್ತದೆ, ನಮ್ಮ ರವೆ ಫ್ರೈ ರುಚಿ ಹಾಗಿದೆ. ಆದರೆ ರವೆ ಕಟುಂ ಅನ್ನುತ್ತದೆ, ಪಾಂಕೋ ಗರಿಗರಿ ಅನ್ನುತ್ತದೆ. ಕರ್ರಿ ತಾಗಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊದಲು ತೋಫುವಿಗೆ ಒಣ ಮೈದಾ ಸವರಿ ಕೊಡವಿ. ಹಿಟ್ಟಿನಲ್ಲಿ ಅದ್ದಿ. ಪಾಂಕೋ ಮೇಲಿಟ್ಟು, ಮೇಲೂ ಪಾಂಕೋ ಸುರಿದು ಅಂಗೈಯಿಂದ ಒತ್ತಿ. ಒಂದು ಕೈ ಒದ್ದೆಗೆ, ಇನ್ನೊಂದು ಕೈ ಒಣಗಿದ್ದಕ್ಕೆ ಎಂದು ಇಟ್ಟುಕೊಂಡರೆ ಬೆರಳೆಲ್ಲ ಮೆತ್ತಿಕೊಳ್ಳುವುದಿಲ್ಲ. ಹೊದಿಸಿದ್ದನ್ನು 15 ನಿಮಿಷ ಫ್ರಿಜ್‌ನಲ್ಲಿಡಿ, ಪುಡಿ ಹಿಟ್ಟಿನ ತೇವ ಹೀರಿ ಗಟ್ಟಿಯಾಗಿ ಕೂರುತ್ತದೆ.

ಎಣ್ಣೆ 170ರಿಂದ 175 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲವಾದರೆ ಒಂದು ಚಕ್ಕೆ ಪಾಂಕೋ ಹಾಕಿ: ಎಣ್ಣೆಯ ಮಧ್ಯದವರೆಗೆ ಮುಳುಗಿ ತಕ್ಷಣ ಮೇಲೆ ಬಂದು ಹರಡಿದರೆ ಹದ ಸರಿ. ತಳಕ್ಕೆ ಹೋದರೆ ಕಾದಿಲ್ಲ, ಮೇಲೆಯೇ ಸಿಡಿದರೆ ಜಾಸ್ತಿ ಕಾದಿದೆ. ಒಂದು ಸಲಕ್ಕೆ ಎರಡು ಮೂರು ಮಾತ್ರ, ಒಟ್ಟು 3ರಿಂದ 4 ನಿಮಿಷ, ಮಧ್ಯೆ ಒಂದೇ ಸಲ ತಿರುಗಿಸಿ. ಒಳಗೆ ಬೇಯಬೇಕಾದದ್ದು ಏನೂ ಇಲ್ಲ, ಬಣ್ಣ ಬಂದರೆ ಆಯಿತು. ತೆಗೆದ ಮೇಲೆ ಪೇಪರಿನ ಮೇಲೆ ಮಲಗಿಸಬೇಡಿ, ಕೆಳಭಾಗ ಹಬೆಗೆ ಮೆತ್ತಗಾಗುತ್ತದೆ. ತಂತಿ ಜಾಲರಿಯ ಮೇಲೆ ನಿಲ್ಲಿಸಿ. ಎರಡು ನಿಮಿಷ ಬಿಟ್ಟು, ಬ್ರೆಡ್ ಚಾಕುವಿನಿಂದ ಎರಡು ಸೆಂಟಿಮೀಟರ್ ಪಟ್ಟಿಗಳಾಗಿ ಕತ್ತರಿಸಿ.

ಕರಿಯುವುದು ಬೇಡ ಎನ್ನುವವರು ಪಾಂಕೋವನ್ನು ಮೊದಲೇ 2 ದೊಡ್ಡ ಚಮಚ ಎಣ್ಣೆಯಲ್ಲಿ ಹೊಂಬಣ್ಣ ಬರುವ ತನಕ ಹುರಿದುಕೊಂಡು ಹೊದಿಸಿ, 200 ಡಿಗ್ರಿ ಓವನ್ನಿನಲ್ಲಿ 15 ನಿಮಿಷ ಇಡಿ. ಹಾಗೆ ಮಾಡದಿದ್ದರೆ ಬಿಳುಚಿಕೊಂಡು ಒಣಗುತ್ತದೆ.

ತೋಫು ಇಷ್ಟವಿಲ್ಲದಿದ್ದರೆ

ಸಿಹಿಕುಂಬಳ ನನ್ನ ಮೆಚ್ಚಿನದು. ಒಂದು ಸೆಂಟಿಮೀಟರ್ ದಪ್ಪ ಹೋಳು ಮಾಡಿ, ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ ಹೊದಿಸಿ. ಬ್ರಿಟನ್ನಿನ ವಾಗಾಮಾಮಾ ಹೋಟೆಲುಗಳಲ್ಲಿ ಗೆಣಸು, ಬದನೆ, ಕುಂಬಳ ಜಾತಿಯ ಬಟರ್‌ನಟ್ ಮೂರನ್ನೂ ಪಾಂಕೋ ಹೊದಿಸಿ ಕೊಡುವ ಕಾತ್ಸು ಜನಪ್ರಿಯ. ಬದನೆಯನ್ನು ಹಸಿಯಾಗಿಯೇ ಹೊದಿಸಬಹುದು. ಸುವರ್ಣಗೆಡ್ಡೆ ಮಾಂಸದ ಕಟ್ಲೆಟ್ಟಿನಷ್ಟೇ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಅದನ್ನು ಹುಣಸೆ ನೀರಿನಲ್ಲಿ ಪೂರ್ತಿ ಬೇಯಿಸಿ ತೊಳೆಯಿರಿ, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಹುಣಸೆ ಈ ಅಡುಗೆಯೊಳಗೆ ಬರುವುದು ಇಲ್ಲಿ ಮಾತ್ರ.

ಅನ್ನ, ಉಪ್ಪಿನಕಾಯಿ, ಬಡಿಸುವುದು

ಜಪಾನಿ ಅಕ್ಕಿ ಗಿಡ್ಡ, ಅಂಟು. ಸಿಕ್ಕರೆ ತೊಳೆದು ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದೂಕಾಲು ಲೋಟ ನೀರಿಟ್ಟು ಮಾಡಿ. ಸೋನಾ ಮಸೂರಿಯನ್ನು ತುಸು ಮೆತ್ತಗೆ ಮಾಡಿದರೂ ನಡೆಯುತ್ತದೆ. ಬಾಸ್ಮತಿ ಬೇಡ, ಕರ್ರಿ ಅದರ ಮೇಲೆ ನಿಲ್ಲದೆ ಜಾರುತ್ತದೆ.

ಜೊತೆಗೆ ಫುಕುಜಿನ್‌ಜುಕೆ ಎಂಬ ಸಿಹಿ ಉಪ್ಪಿನಕಾಯಿ ಇರಲೇಬೇಕು. ಬೇಗನೆ ಮಾಡುವ ಬಗೆ: ಮೂಲಂಗಿ, ಸೌತೆಕಾಯಿ, ಕ್ಯಾರೆಟ್ ಸೇರಿ 300 ಗ್ರಾಂ ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ಗಟ್ಟಿಯಾಗಿ ಹಿಂಡಿ. ಸೋಯಾ ಸಾಸ್ 4, ಸಕ್ಕರೆ 3, ವಿನೆಗರ್ 1 ದೊಡ್ಡ ಚಮಚ ಕುದಿಸಿ ಬಿಸಿಯಾಗಿ ಸುರಿಯಿರಿ. ಬದಿಗಿಟ್ಟ ಕೊಂಬುವನ್ನು ಸಣ್ಣಗೆ ಕತ್ತರಿಸಿ ಇದಕ್ಕೇ ಹಾಕಿ. ಎರಡು ಗಂಟೆಯಲ್ಲಿ ತಿನ್ನಬಹುದು.

ಬಡಿಸುವಾಗ ಅನ್ನ ತಟ್ಟೆಯ ಒಂದು ಪಕ್ಕ, ಕರ್ರಿ ಇನ್ನೊಂದು ಪಕ್ಕ. ಕಟ್ಲೆಟ್ ಅನ್ನದ ಮೇಲೆ, ಅದರ ಒಂದು ತುದಿ ಮಾತ್ರ ಕರ್ರಿಗೆ ತಾಗುವಂತೆ. ಮೇಲಿಂದ ಸುರಿದರೆ ಇಷ್ಟು ಹೊತ್ತು ಮಾಡಿದ ಗರಿಗರಿ ಎರಡೇ ನಿಮಿಷಕ್ಕೆ ಹೋಗುತ್ತದೆ. ಕಾನಾಜಾವಾ ಊರಿನ ಪದ್ಧತಿ ಬೇರೆ. ಅಲ್ಲಿ ಸ್ಟೀಲ್ ತಟ್ಟೆಯಲ್ಲಿ ಅನ್ನವನ್ನು ಗಾಢ ಕರ್ರಿಯಿಂದ ಪೂರ್ತಿ ಮುಚ್ಚಿ, ಮೇಲೆ ಕಟ್ಲೆಟ್ ಇಟ್ಟು, ಅದರ ಮೇಲೆ ಸಾಸ್ ಹಾಕಿ, ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಎಲೆಕೋಸು ಕೊಡುತ್ತಾರೆ, ಫೋರ್ಕಿನಲ್ಲಿ ತಿನ್ನುತ್ತಾರೆ. ಆ ಎಲೆಕೋಸಿನ ಉಪಾಯ ಮನೆಯಲ್ಲೂ ಒಳ್ಳೆಯದು.

ಮಿಕ್ಕ ಕರ್ರಿ ಮರುದಿನ ಇನ್ನೂ ರುಚಿ. ಆದರೆ ರಾತ್ರಿ ಒಲೆಯ ಮೇಲೆಯೇ ಬಿಡಬೇಡಿ. ಗಟ್ಟಿ ಪದಾರ್ಥ ನಿಧಾನವಾಗಿ ಆರುವಾಗ, ಕುದಿಸಿದರೂ ಸಾಯದ ಬೀಜಾಣುಗಳು ಬೆಳೆದು ಹೊಟ್ಟೆ ಕೆಡಿಸುತ್ತವೆ. ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತದೆ. ಕಟ್ಲೆಟ್ ಮಾತ್ರ ಬಡಿಸುವ ಹೊತ್ತಿಗೇ ಕರಿಯಿರಿ. ಹೊದಿಸಿದ ಹಸಿ ಕಟ್ಲೆಟ್ ಫ್ರೀಜರಿನಲ್ಲಿಟ್ಟು, ಕರಗಿಸದೆ 165 ಡಿಗ್ರಿ ಎಣ್ಣೆಗೆ ಹಾಕಿ ಎರಡು ನಿಮಿಷ ಹೆಚ್ಚಿಗೆ ಬಿಟ್ಟರೆ ಸಾಕು. ಕೊನೆಯಲ್ಲಿ ಒಂದೆರಡು ಸೌಟು ಕರ್ರಿ ಉಳಿದರೆ, ಅಷ್ಟೇ ಅಣಬೆ ನೀರು ಮತ್ತು ಒಂದು ಚಮಚ ಸೋಯಾ ಸಾಸ್ ಸೇರಿಸಿ ಕುದಿಸಿ, ಬೇಯಿಸಿದ ಉದೋನ್ ನೂಡಲ್ಸ್ ಹಾಕಿ. ಜಪಾನಿನಲ್ಲಿ ಕರ್ರಿ ಉದೋನ್ ಎಂದು ಅದೇ ಒಂದು ಊಟ, ಮೇಲೆ ಸ್ವಲ್ಪ ಈರುಳ್ಳಿ ಹೂ ಹೆಚ್ಚಿ ಉದುರಿಸಿ.